ಚಂಚಲ ಮಕ್ಕಳೂ ಹಸಿವಿನ ಹಾರ್ಮೋನುಗಳೂ

ನಿಂತಲ್ಲಿ ನಿಲ್ಲದ, ಕುಳಿತಲ್ಲಿ ಕೂರದ ಮಗುವನ್ನು ಕಂಡು ಹಿರಿಯರು ಎರಡು ಬಗೆಯ ಮಾತುಗಳನ್ನು ಆಡುವುದುಂಟು. ಒಂದನೆಯದು, “ಇದರ ಕಾಲಿಗೆ ಚಕ್ರ ಕಟ್ಟಿದೆ, ತಿಂದದ್ದೆಲ್ಲಾ ಓಡಾಟದಲ್ಲಿಯೇ ಕರಗಿಹೋಗುತ್ತದೆ” ಎಂಬುದು. ಎರಡನೆಯದು, ಅದೇ ಮಗುವಿನ ಮೈ ತುಸು ತುಂಬಿಕೊಂಡಾಗ ಹೊರಡುವ ಮಾತು: “ಬಾಯಿ ಕಟ್ಟುವುದಕ್ಕೆ ಬಾರದು, ಹೊಟ್ಟೆಬಾಕ ಮಗು.” ಇವುಗಳಲ್ಲಿ ಮೊದಲನೆಯದು ಅಂಕಿಸಂಖ್ಯೆಗಳಿಗೆ ವಿರೋಧವಾದದ್ದು, ಎರಡನೆಯದು ಶರೀರಶಾಸ್ತ್ರಕ್ಕೆ ವಿರೋಧವಾದದ್ದು. ಅದು ಹೇಗೆಂಬುದನ್ನು ನಮ್ಮ ಶಾಲೆಯ ಪೂರ್ವವಿದ್ಯಾರ್ಥಿನಿಯರಿಗೂ, ಈಗ ತಮ್ಮ ಹೆಣ್ಣುಮಕ್ಕಳನ್ನು ಇಲ್ಲಿಗೆ ಕಳುಹಿಸುತ್ತಿರುವ ತಂದೆತಾಯಿಗಳಿಗೂ ಯಥಾಮತಿ ವಿವರಿಸುವುದೇ ಈ ಲೇಖನದ ಉದ್ದೇಶವು.

ಚಂಚಲತೆಯು ಬಾಲ್ಯಕ್ಕೆ ಸಹಜವಾದದ್ದು. ಆದುದರಿಂದ ಓಡಾಡುವ ಮಕ್ಕಳೆಲ್ಲರೂ ರೋಗಿಗಳೆಂದು ಯಾರೂ ಭಾವಿಸತಕ್ಕದ್ದಲ್ಲ. ಆದರೆ ಕೆಲವು ಮಕ್ಕಳಲ್ಲಿ ಗಮನವು ಒಂದೆಡೆ ನಿಲ್ಲದಿರುವುದು, ಅತಿಯಾದ ಚಟುವಟಿಕೆ, ಹಿಂದುಮುಂದು ನೋಡದೆ ಕೆಲಸಕ್ಕೆ ಕೈಹಾಕುವುದು ಎಂಬ ಲಕ್ಷಣಗಳು ವಯಸ್ಸಿಗೆ ತಕ್ಕುದಕ್ಕಿಂತ ಹೆಚ್ಚಾಗಿ ಕಾಣುವುವು. ಅವು 12 ವರ್ಷಕ್ಕೆ ಮುಂಚೆಯೇ ತಲೆದೋರಿ, ಆರು ತಿಂಗಳಿಗೆ ಕಡಿಮೆಯಿಲ್ಲದಂತೆ, ಮನೆಯಲ್ಲಿಯೂ ಶಾಲೆಯಲ್ಲಿಯೂ ಇದ್ದು, ಮಗುವಿನ ಓದಿಗೂ ಒಡನಾಟಕ್ಕೂ ಅಡ್ಡಿಯಾದರೆ, ವೈದ್ಯರು ಅದನ್ನು ಎ. ಡಿ. ಎಚ್. ಡಿ. ಎಂದು ಕರೆಯುತ್ತಾರೆ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ನಾವು ಅದನ್ನು ಕನ್ನಡದಲ್ಲಿ ಹೇಳಬಹುದು. ಈ ಹೆಸರು 1987ರಿಂದ ಈಚೆಗೆ ಬಂದದ್ದು. ಅಂಥ ಮಕ್ಕಳಾದರೋ ಬಹಳ ಹಿಂದಿನಿಂದಲೂ ಇದ್ದಾರೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯನಾದ ಹೈನ್ರಿಕ್ ಹಾಫ್‌ಮನ್ ಎಂಬಾತನು 1844ರ ಕ್ರಿಸ್ಮಸ್ಸಿಗೆ ತನ್ನ ಪುಟ್ಟ ಮಗನಿಗೋಸ್ಕರ ಬರೆದು ಮುಂದೆ ಬೆಳೆಯಿಸಿದ ಚಿತ್ರಪುಸ್ತಕದಲ್ಲಿ ಫಿಲಿಪ್ ಎಂಬ ಹುಡುಗನೊಬ್ಬನು ಬರುತ್ತಾನೆ. ಅವನು ಊಟದ ಮೇಜಿನ ಮುಂದೆ ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತಾ, ಕೊನೆಗೆ ಮೇಜಿನ ಬಟ್ಟೆಯನ್ನೂ ಅದರ ಮೇಲಿದ್ದ ಪಾತ್ರೆಪದಾರ್ಥಗಳನ್ನೂ ತನ್ನ ಮೈಮೇಲೆ ಎಳೆದುಕೊಂಡು ಬೀಳುತ್ತಾನೆ. ಸಾಹಿತ್ಯದಲ್ಲಿ ಪ್ರಸಿದ್ಧನಾದ ಚಂಚಲ ಬಾಲಕನು ನಮಗೆ ಕಾಣಿಸಿಕೊಳ್ಳುವುದು ಪಾಠಶಾಲೆಯಲ್ಲಲ್ಲ, ಊಟದ ಹೊತ್ತಿನಲ್ಲಿ ಎಂಬುದು ಗಮನಿಸಬೇಕಾದ ಸಂಗತಿಯೇ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯರಾದ ಜಾರ್ಜ್ ಸ್ಟಿಲ್ ಎಂಬವರು ತಮ್ಮ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವರ್ಣಿಸಿದರು. ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಇವರ ಸ್ಥಿತಿಗೆ ಅವರು ಕೊಟ್ಟ ಹೆಸರು ನೈತಿಕ ಹತೋಟಿಯ ದೋಷ ಎಂಬುದಾಗಿತ್ತು. ಇದಕ್ಕೆ ಶರೀರದಲ್ಲಿ ಕಾರಣವಿರಬೇಕೆಂದು ಅವರೇ ಊಹಿಸಿದ್ದರಾದರೂ, ನೀತಿ ಎಂಬ ಆ ಮಾತು ಮಾತ್ರ ಜನರ ಮನಸ್ಸಿನಲ್ಲಿ ಬೇರೂರಿ ಇಂದಿಗೂ ಹೋಗಲೊಲ್ಲದು.

ಲೋಕದ ನಾನಾ ದೇಶಗಳ ಪರಿಶೀಲನೆಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಈ ತೊಂದರೆಯುಂಟು. ಹಾಗಾದರೆ ನಲವತ್ತು ಮಂದಿಯ ತರಗತಿಯಲ್ಲಿ ಇಬ್ಬರು. ವೈದ್ಯರ ಬಳಿಗೆ ಬರುವವರಲ್ಲಿ ಹುಡುಗರೇ ಹೆಚ್ಚು. ಏಕೆಂದರೆ ಬೆಂಚು ಹಾರುವ ಹುಡುಗನನ್ನು ಗುರುತಿಸುವುದು ಸುಲಭ. ಹುಡುಗಿಯರಲ್ಲಿ ಅನೇಕರು ಬೆಂಚು ಹಾರುವುದಿಲ್ಲ. ಕಿಟಕಿಯ ಹೊರಗೆ ನೋಡುತ್ತಾ, ಪುಸ್ತಕವನ್ನು ಮನೆಯಲ್ಲಿ ಮರೆತು, ಲೆಕ್ಕವನ್ನು ಅರ್ಧಕ್ಕೆ ಬಿಟ್ಟು, ಯಾರಿಗೂ ತೊಂದರೆ ಕೊಡದೆ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಅವರಿಗೆ ದೊರೆಯುವ ಬಿರುದು ಸೋಮಾರಿ ಎಂಬುದು. ಹೆಣ್ಣುಮಕ್ಕಳ ಶಾಲೆಯೊಂದರ ಸಂಚಿಕೆಯಲ್ಲಿ ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಹೆಚ್ಚಾಗದು.

ಇನ್ನು ತೂಕದ ವಿಷಯ. 2016ರಲ್ಲಿ ಸಾಮ್ಯುಯೆಲೆ ಕೊರ್ಟೆಸೆ ಎಂಬ ವೈದ್ಯರೂ ಅವರ ಸಂಗಡಿಗರೂ 42 ಪರಿಶೀಲನೆಗಳನ್ನು ಒಂದುಗೂಡಿಸಿ, 7,28,136 ಜನರ ಲೆಕ್ಕವನ್ನು ಪ್ರಕಟಿಸಿದರು. ಅದರ ಪ್ರಕಾರ, ಎ. ಡಿ. ಎಚ್. ಡಿ. ಇಲ್ಲದ ಮಕ್ಕಳಲ್ಲಿ ಶೇಕಡಾ 7.4ರಷ್ಟು ಮಂದಿ ಸ್ಥೂಲಕಾಯರಾಗಿದ್ದರೆ, ಅದುಳ್ಳ ಮಕ್ಕಳಲ್ಲಿ ಶೇಕಡಾ 10.3ರಷ್ಟು ಮಂದಿ ಹಾಗಿದ್ದರು. ವಯಸ್ಕರಲ್ಲಿ ಅಂತರವು ಇನ್ನೂ ದೊಡ್ಡದು, ಶೇಕಡಾ 16.4ಕ್ಕೆ ಪ್ರತಿಯಾಗಿ 28.2. ಔಷಧವನ್ನು ಸೇವಿಸುತ್ತಿದ್ದವರಲ್ಲಿ ಈ ಅಧಿಕ್ಯವು ಕಂಡುಬರಲಿಲ್ಲ. ಅದಕ್ಕೆ ಮೂರು ವರ್ಷ ಮುಂಚೆ, ಅಂದರೆ 2013ರಲ್ಲಿ, ಬಾಲ್ಯದಲ್ಲಿ ಈ ತೊಂದರೆಯಿದ್ದ ಗಂಡಸರನ್ನು 33 ವರ್ಷಗಳ ತರುವಾಯ ಮರಳಿ ಪರೀಕ್ಷಿಸಿದ ವರದಿಯೊಂದು ನ್ಯೂಯಾರ್ಕಿನಿಂದ ಹೊರಬಿದ್ದಿತ್ತು. ಅವರಲ್ಲಿ ಶೇಕಡಾ 41.4 ಮಂದಿ ಸ್ಥೂಲಕಾಯರಾಗಿದ್ದರು. ಹೋಲಿಕೆಗೆ ತೆಗೆದುಕೊಂಡ ಇತರರಲ್ಲಿ ಶೇಕಡಾ 21.6 ಮಂದಿ.

ಈ ಸಂಖ್ಯೆಗಳನ್ನು ಓದಿ ತಾಯಂದಿರು ಭಯಪಡಬೇಕಾಗಿಲ್ಲ. ಮೊದಲನೆಯ ಲೆಕ್ಕದಲ್ಲಿಯೇ ನೂರಕ್ಕೆ ಸುಮಾರು ತೊಂಬತ್ತು ಚಂಚಲ ಮಕ್ಕಳು ಸ್ಥೂಲಕಾಯರಲ್ಲವೆಂದು ಆಯಿತಷ್ಟೆ. ಆದರೆ ಓಡಾಡುವ ಮಗುವಿಗೆ ಬೊಜ್ಜು ಬಾರದೆಂಬ ನಂಬಿಕೆಯು ನಿಲ್ಲಲಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ವಯಸ್ಸಿನೊಂದಿಗೆ ಅಂತರವು ಹಿಗ್ಗುವುದೆಂಬುದನ್ನೂ ನೆನಪಿಡತಕ್ಕದ್ದು. ಕಾಲಿನ ಚಂಚಲತೆಯು ಯೌವನದಲ್ಲಿ ಬಹುಮಟ್ಟಿಗೆ ಅಡಗಿದರೂ ಊಟತಿಂಡಿಗಳಲ್ಲಿನ ಅವ್ಯವಸ್ಥೆಯು ಉಳಿದುಕೊಳ್ಳುತ್ತದೆ.

ಇದರ ಕಾರಣವನ್ನು ತಿಳಿಯಬೇಕಾದರೆ ಹಸಿವೆಂದರೇನೆಂಬುದನ್ನು ತಿಳಿಯಬೇಕು. ಹೊಟ್ಟೆಯು ಬರಿದಾದರೆ ಹಸಿವು, ತುಂಬಿದರೆ ತೃಪ್ತಿ ಎಂದು ನಾವೆಲ್ಲರೂ ಬಾಲ್ಯದಿಂದ ತಿಳಿದಿರುವುದು ತಪ್ಪಲ್ಲದಿದ್ದರೂ ಪೂರ್ಣವಲ್ಲ. ಶರೀರದ ಒಂದು ಭಾಗದಲ್ಲಿ ಉತ್ಪತ್ತಿಯಾಗಿ, ರಕ್ತದೊಡನೆ ಹರಿದು, ಇನ್ನೊಂದು ಭಾಗಕ್ಕೆ ಸುದ್ದಿ ಮುಟ್ಟಿಸುವ ರಸಗಳಿಗೆ ಹಾರ್ಮೋನುಗಳೆಂದು ಹೆಸರು. ಹಸಿವಿನ ಸುದ್ದಿಯನ್ನು ಒಯ್ಯುವ ಹಾರ್ಮೋನು ಜಠರದಲ್ಲಿ ಹುಟ್ಟುತ್ತದೆ. ಅದನ್ನು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಕಂಡುಹಿಡಿದು ಗ್ರೆಲಿನ್ ಎಂದು ಹೆಸರಿಟ್ಟರು. ಊಟಕ್ಕೆ ಮುಂಚೆ ಅದು ರಕ್ತದಲ್ಲಿ ಏರುತ್ತದೆ. ಊಟವಾದ ಮೇಲೆ ಇಳಿಯುತ್ತದೆ. ಮಾತ್ರವಲ್ಲ, ಪ್ರತಿದಿನವೂ ಯಾವ ಹೊತ್ತಿಗೆ ಉಣ್ಣುವೆವೋ ಆ ಹೊತ್ತನ್ನು ಕಲಿತುಕೊಂಡು, ಅದು ಸಮೀಪಿಸಿದಾಗ ತಾನೇ ಏರತೊಡಗುತ್ತದೆ. ಬೋರ್ಡಿಂಗಿನ ಗಂಟೆಯನ್ನು ಬೈದುಕೊಂಡೇ ಬೆಳೆದ ನಮ್ಮ ಪೂರ್ವವಿದ್ಯಾರ್ಥಿನಿಯರು ಇದನ್ನು ಓದಿ ನಕ್ಕಾರು. ಆದರೆ ಆ ಗಂಟೆಯು ಕಿವಿಗಲ್ಲದೆ ಜಠರಕ್ಕೂ ಪಾಠ ಹೇಳುತ್ತಿತ್ತು.

ತೃಪ್ತಿಯ ಸುದ್ದಿಯನ್ನು ಒಯ್ಯುವ ಹಾರ್ಮೋನುಗಳು ಹಲವು ಇವೆ. ಅವುಗಳಲ್ಲಿ ಲೆಪ್ಟಿನ್ ಎಂಬುದರ ಕಥೆಯು ಸ್ವಾರಸ್ಯವಾದದ್ದಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಅಮೆರಿಕೆಯ ಮೇಯ್ನ್ ಸಂಸ್ಥಾನದ ಜ್ಯಾಕ್ಸನ್ ಪ್ರಯೋಗಶಾಲೆಯಲ್ಲಿ 1949ರಲ್ಲಿ ವಿಚಿತ್ರವಾದ ಇಲಿಮರಿಗಳು ಕಾಣಿಸಿಕೊಂಡವು. ಅವು ಬಿಡುವಿಲ್ಲದೆ ತಿಂದು, ಒಡಹುಟ್ಟಿದ ಇಲಿಗಳಿಗಿಂತ ಎಷ್ಟೋ ಪಾಲು ದಪ್ಪವಾಗಿ, ಉಂಡೆಯಂತೆ ಆದುವು. ಅದೇ ಪ್ರಯೋಗಶಾಲೆಯ ಡಗ್ಲಾಸ್ ಕೋಲ್ಮನ್ ಎಂಬವರು ಇಂಥ ಒಂದು ಇಲಿಯ ರಕ್ತಸಂಚಾರವನ್ನು ಸಾಧಾರಣ ಇಲಿಯ ರಕ್ತಸಂಚಾರದೊಡನೆ ಸೇರಿಸಿ ನೋಡಿದರು. ಆಗ ದಪ್ಪ ಇಲಿಯು ತಿನ್ನುವುದನ್ನು ಕಡಿಮೆಮಾಡಿ ಇಳಿಯತೊಡಗಿತು. ಸಾಧಾರಣ ಇಲಿಯ ರಕ್ತದಲ್ಲಿ “ಸಾಕು” ಎಂದು ಹೇಳುವ ಏನೋ ಒಂದು ಇದೆಯೆಂದೂ, ದಪ್ಪ ಇಲಿಯಲ್ಲಿ ಅದಿಲ್ಲವೆಂದೂ ಅವರು ತೀರ್ಮಾನಿಸಿದರು. ಆ ಏನೋ ಒಂದನ್ನು ಕಂಡುಹಿಡಿದವರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್, ವರ್ಷ 1994. ತೆಳ್ಳಗೆ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂಬ ಹೆಸರಾಯಿತು. ಶರೀರದ ಕೊಬ್ಬೇ ಅದನ್ನು ಉತ್ಪತ್ತಿಮಾಡಿ, “ಉಗ್ರಾಣದಲ್ಲಿ ದಾಸ್ತಾನು ಇಷ್ಟಿದೆ” ಎಂದು ಮೆದುಳಿಗೆ ತಿಳಿಸುತ್ತದೆ.

ಇಲಿಗಳ ಕಥೆ ಮನುಷ್ಯರಿಗೆ ಹೊಂದುವುದೇ ಎಂದು ಕೇಳುವವರಿಗೆ ಉತ್ತರವು ಇಂಗ್ಲೆಂಡಿನ ಕೇಂಬ್ರಿಜ್‌ನಿಂದ 1997ರಲ್ಲಿ ಬಂದಿತು. ಪಾಕಿಸ್ತಾನದ ಮೂಲದ ಕುಟುಂಬವೊಂದರ ಇಬ್ಬರು ಮಕ್ಕಳು ಅಲ್ಲಿನ ವೈದ್ಯರ ಕಣ್ಣಿಗೆ ಬಿದ್ದರು. ಎಂಟು ವರ್ಷದ ಹುಡುಗಿಯ ತೂಕ 86 ಕಿಲೋ. ಅವಳ ಸಂಬಂಧಿಯಾದ ಎರಡು ವರ್ಷದ ಗಂಡುಮಗುವಿನದು 29 ಕಿಲೋ. ಇಬ್ಬರ ರಕ್ತದಲ್ಲಿಯೂ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ಎಷ್ಟು ಉಂಡರೂ ಅವರ ಮೆದುಳಿಗೆ ತಾವು ಉಪವಾಸವಿರುವೆವೆಂಬ ಸುದ್ದಿಯೇ ಹೋಗುತ್ತಿತ್ತು. ಮುಂದೆ ಆ ಹುಡುಗಿಗೆ ದಿನವೂ ಲೆಪ್ಟಿನ್ ಚುಚ್ಚುಮದ್ದನ್ನು ಕೊಡಲಾಗಿ, ಅವಳ ಹಸಿವು ತಾನಾಗಿಯೇ ತಗ್ಗಿ, ಒಂದು ವರ್ಷದಲ್ಲಿ 16 ಕಿಲೋಗಳಿಗಿಂತ ಹೆಚ್ಚು ತೂಕವು ಇಳಿಯಿತು. ಅಲ್ಲಿಯ ತನಕ ಆ ತಾಯಿಯು ನೆರೆಹೊರೆಯವರಿಂದ ಎಷ್ಟು ಮಾತು ಕೇಳಿರಬಹುದು! ಇಂಥ ಲೋಪವು ಅತ್ಯಂತ ವಿರಳ. ಸಾಮಾನ್ಯವಾಗಿ ದಪ್ಪವಿರುವವರಲ್ಲಿ ಲೆಪ್ಟಿನ್ ಹೇರಳವಾಗಿಯೇ ಇರುತ್ತದೆ, ಮೆದುಳು ಅದರ ಮಾತಿಗೆ ಕಿವುಡಾಗಿರುತ್ತದೆ. ಆದರೂ ಹಸಿವೆಂಬುದು ಇಚ್ಛೆಗೆ ಮಾತ್ರ ಅಧೀನವಾದದ್ದಲ್ಲವೆಂಬುದನ್ನು ಆ ಹುಡುಗಿಯಷ್ಟು ಸ್ಪಷ್ಟವಾಗಿ ಬೇರೆ ಯಾರೂ ತೋರಿಸಿಕೊಟ್ಟಿಲ್ಲ.

ಹಸಿವಿನ ಈ ದೂತರು ಚಂಚಲತೆಯೊಡನೆ ಕೂಡುವುದು ಮೆದುಳಿನಲ್ಲಿ. ನಮಗೆ ಸಂತೋಷ ಕೊಡುವ ವಸ್ತುವಿನ ಕಡೆಗೆ ಮನಸ್ಸನ್ನು ಎಳೆಯುವುದರಲ್ಲಿಯೂ, ಬೇಸರದ ಕೆಲಸದಲ್ಲಿ ಮನಸ್ಸನ್ನು ನಿಲ್ಲಿಸುವುದರಲ್ಲಿಯೂ ಡೋಪಮಿನ್ ಎಂಬ ರಾಸಾಯನಿಕಕ್ಕೆ ಮುಖ್ಯ ಪಾತ್ರವಿದೆ. ಎ. ಡಿ. ಎಚ್. ಡಿ. ಇರುವವರಲ್ಲಿ ಇದರ ವ್ಯವಹಾರವು ಇತರರಲ್ಲಿದ್ದಂತೆ ಇರುವುದಿಲ್ಲವೆಂಬುದು ವಿದ್ವಾಂಸರ ಅಭಿಪ್ರಾಯ. ಗ್ರೆಲಿನ್ ಮತ್ತು ಲೆಪ್ಟಿನ್‌ಗಳಾದರೋ ಡೋಪಮಿನ್ ಉತ್ಪತ್ತಿಮಾಡುವ ಜೀವಕೋಶಗಳ ಮೇಲೆಯೇ ನೇರವಾಗಿ ವರ್ತಿಸುವುವೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಗೊತ್ತಾಗಿದೆ. ಒಂದು ಅದನ್ನು ಕೆರಳಿಸುತ್ತದೆ, ಇನ್ನೊಂದು ತಣಿಸುತ್ತದೆ. ಆದುದರಿಂದ, ನಾಳೆ ಬರುವ ಫಲಕ್ಕಿಂತ ಈ ಕ್ಷಣದ ಸುಖವನ್ನೇ ಮೇಲೆಂದು ಎಣಿಸುವ ಮಗುವಿಗೆ ಡಬ್ಬಿಯಲ್ಲಿರುವ ಚಕ್ಕುಲಿಯು ಇತರರಿಗಿಂತ ಗಟ್ಟಿಯಾಗಿ ಕೂಗಿ ಕರೆದರೆ ಆಶ್ಚರ್ಯವೇನು? ಅದೇ ಮಗು ಆಟದಲ್ಲಿಯೋ ಚಿತ್ರ ಬರೆಯುವುದರಲ್ಲಿಯೋ ಮುಳುಗಿದಾಗ ಹೊಟ್ಟೆಯ ಕೂಗನ್ನೇ ಕೇಳದೆ ಮಧ್ಯಾಹ್ನದ ಊಟವನ್ನು ಮರೆತು, ಸಂಜೆ ಎರಡು ಊಟವನ್ನು ಒಂದೇ ಸಲಕ್ಕೆ ಮುಗಿಸುವುದೂ ಉಂಟು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಎ. ಡಿ. ಎಚ್. ಡಿ. ಇರುವ ಮಕ್ಕಳ ರಕ್ತದಲ್ಲಿ ಈ ಹಾರ್ಮೋನುಗಳನ್ನು ಅಳೆದು ನೋಡಿದ ಪರಿಶೀಲನೆಗಳು ನಡೆದಿವೆ. ಅವು ಬಹುತೇಕ ಚಿಕ್ಕವು, ಅವುಗಳ ಫಲಿತಾಂಶಗಳು ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಆದುದರಿಂದ ರಕ್ತಪರೀಕ್ಷೆಯಿಂದ ಈ ತೊಂದರೆಯನ್ನು ಗುರುತಿಸುತ್ತೇವೆಂದು ಯಾರಾದರೂ ಹೇಳಿದರೆ ಹಣ ಕೊಡಬೇಡಿರಿ. 2019ರಲ್ಲಿ ಪ್ರಕಟವಾದ ವಂಶವಾಹಿಗಳ ಪರಿಶೀಲನೆಯೊಂದು ಇದಕ್ಕಿಂತ ಬಲವಾದ ಆಧಾರವನ್ನು ಕೊಡುತ್ತದೆ. ಎ. ಡಿ. ಎಚ್. ಡಿ. ಇರುವ 20,000ಕ್ಕೂ ಹೆಚ್ಚು ಜನರನ್ನು ಅದಿಲ್ಲದ 35,000ಕ್ಕೂ ಹೆಚ್ಚು ಜನರೊಡನೆ ಹೋಲಿಸಿದಾಗ, ಈ ತೊಂದರೆಯತ್ತ ಒಲಿಸುವ ವಂಶವಾಹಿಗಳಲ್ಲಿ ಕೆಲವಂಶವು ದೇಹದ ತೂಕವನ್ನು ಹೆಚ್ಚಿಸುವತ್ತಲೂ ಒಲಿಸುತ್ತದೆಂದು ಕಂಡುಬಂದಿತು. ಅಂದರೆ ಎರಡಕ್ಕೂ ಬೇರಿನಲ್ಲಿಯೇ ಸ್ವಲ್ಪ ನೆಂಟಸ್ತನವಿದೆ. ಬೇರುಗಳು ತಂದೆತಾಯಿಗಳಿಂದಲೇ ಬರುವುವಾದುದರಿಂದ, ಮಗುವನ್ನು ಗದರಿಸಹೊರಟ ತಂದೆಯು ಒಮ್ಮೆ ಕನ್ನಡಿಯನ್ನು ನೋಡಿಕೊಂಡರೂ ತಪ್ಪಿಲ್ಲ.

ನಿದ್ರೆಯ ವಿಷಯವು ಮನೆಯವರ ಕೈಯಲ್ಲಿರುವುದರಿಂದ ಅದನ್ನು ಬಿಡಬಾರದು. ಚಂಚಲ ಮಕ್ಕಳಲ್ಲಿ ಅನೇಕರು ತಡವಾಗಿ ಮಲಗುವರು. ಮಲಗಿದರೂ ಬೇಗ ನಿದ್ರೆ ಹತ್ತದು. ಅಮೆರಿಕೆಯ ಷಿಕಾಗೋ ನಗರದಲ್ಲಿ ಆರೋಗ್ಯವಂತರಾದ 12 ಮಂದಿ ತರುಣರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಗೊಡಿಸಿ, ಮತ್ತೊಮ್ಮೆ ಎರಡು ರಾತ್ರಿ ಹತ್ತು ಗಂಟೆ ಮಲಗಗೊಡಿಸಿ, ಅವರ ರಕ್ತವನ್ನು ಪರೀಕ್ಷಿಸಿದ ಪ್ರಯೋಗವು 2004ರಲ್ಲಿ ಪ್ರಕಟವಾಯಿತು. ನಿದ್ರೆ ಕಡಿಮೆಯಾದಾಗ ತೃಪ್ತಿಯ ಲೆಪ್ಟಿನ್ ಶೇಕಡಾ 18ರಷ್ಟು ಇಳಿದಿತ್ತು, ಹಸಿವಿನ ಗ್ರೆಲಿನ್ ಶೇಕಡಾ 28ರಷ್ಟು ಏರಿತ್ತು. ಆ ತರುಣರು ಹೆಚ್ಚಾಗಿ ಬಯಸಿದ್ದು ಸಿಹಿತಿಂಡಿ, ಉಪ್ಪುತಿಂಡಿ, ಪಿಷ್ಟದ ಪದಾರ್ಥಗಳನ್ನು. ತರುಣರಿಗೆ ಹೇಳಿದ ಸಂಖ್ಯೆಯು ಮಕ್ಕಳಿಗೂ ಹಾಗೆಯೇ ಹೊಂದುವುದೆಂದಲ್ಲ, ಮುಂದಿನ ಪ್ರಯೋಗಗಳೆಲ್ಲವೂ ಇದೇ ಪ್ರಮಾಣವನ್ನು ತೋರಿಸಿದುವೆಂದೂ ಅಲ್ಲ. ಆದರೆ ನಿದ್ರೆಗೆಟ್ಟ ಮಕ್ಕಳು ತೂಕ ಹೆಚ್ಚುವ ಸಂಭವವು ಅಧಿಕವೆಂಬುದು ನಾನಾ ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ರಾತ್ರಿ ಹನ್ನೊಂದರವರೆಗೆ ಹಾಸಿಗೆಯಲ್ಲಿ ಮೊಬೈಲ್ ಹಿಡಿದ ಮಗುವು ಬೆಳಗ್ಗೆ ಉಪ್ಪಿಟ್ಟನ್ನು ಬಿಟ್ಟು ಬಿಸ್ಕತ್ತಿಗೆ ಅಳುವುದಾದರೆ, ಆ ಹಟದ ಮೂಲವನ್ನು ಹಿಂದಿನ ರಾತ್ರಿಯಲ್ಲಿ ಹುಡುಕುವುದು ಲೇಸು.

ಔಷಧದ ವಿಷಯದಲ್ಲಿ ನಮ್ಮವರಿಗೆ ಸಂದೇಹಗಳು ಬಹಳ. 1937ರಲ್ಲಿ ಅಮೆರಿಕೆಯ ರೋಡ್ ಐಲೆಂಡ್ ಸಂಸ್ಥಾನದಲ್ಲಿ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ವೈದ್ಯರು 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟರು. ಉತ್ತೇಜಕವನ್ನು ಕೊಟ್ಟರೂ ಮಕ್ಕಳು ಶಾಂತರಾಗಿ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಪಾಠದಲ್ಲಿ ವಿಶೇಷವಾಗಿ ಮುಂದುವರಿದದ್ದನ್ನು ಅವರು ಆಶ್ಚರ್ಯದಿಂದ ವರದಿಮಾಡಿದರು. ಈಗ ಹೆಚ್ಚಾಗಿ ಕೊಡುವ ಮೆಥೈಲ್‌ಫೆನಿಡೇಟ್ ಎಂಬ ಔಷಧವು 1944ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ತಯಾರಾಯಿತು. ಮಂಗಳೂರು ಧಾರವಾಡಗಳ ಕಡೆಯವರಿಗೆ ಮಿಶನ್ನಿನ ಮೂಲಕ ಚಿರಪರಿಚಿತವಾದ ಅದೇ ಬಾಸೆಲ್. ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲೆಯಾಂಡ್ರೊ ಪನಿಜ್ಜೋನ್ ಅದನ್ನು ಕಂಡುಹಿಡಿದು, ತನ್ನ ಪತ್ನಿ ರೀಟಾಳ ಹೆಸರಿನಿಂದ ರಿಟಾಲಿನ್ ಎಂದು ಕರೆದನು. ಇದು ಡೋಪಮಿನ್ ಬೇಗ ಹಿಂದಿರುಗಿ ಹೋಗದಂತೆ ತಡೆಯುತ್ತದೆ. ಆದುದರಿಂದಲೇ ಗಮನವು ನಿಲ್ಲುತ್ತದೆ, ಮತ್ತು ಆದುದರಿಂದಲೇ ಹಸಿವೂ ಅಡಗುತ್ತದೆ.

ಇಲ್ಲಿ ತಾಯಂದಿರ ಚಿಂತೆಯು ತಲೆಕೆಳಗಾಗುತ್ತದೆ. ನಿನ್ನೆಯವರೆಗೆ ಹೆಚ್ಚು ತಿನ್ನುವುದೆಂದು ಅಳುತ್ತಿದ್ದವರು ಇಂದು ಬುತ್ತಿಯು ತುಂಬಿದಂತೆಯೇ ಹಿಂದಿರುಗಿತೆಂದು ಅಳುತ್ತಾರೆ. ಅಮೆರಿಕೆಯಲ್ಲಿ 579 ಮಕ್ಕಳ ಮೇಲೆ ನಡೆದ ದೊಡ್ಡ ಪರಿಶೀಲನೆಯೊಂದರಲ್ಲಿ, ಮೂರು ವರ್ಷಗಳ ಕಾಲ ಔಷಧವನ್ನು ಎಡೆಬಿಡದೆ ಸೇವಿಸಿದ ಮಕ್ಕಳು ಸೇವಿಸದ ಮಕ್ಕಳಿಗಿಂತ ಎತ್ತರದಲ್ಲಿ ಸುಮಾರು 2 ಸೆಂಟಿಮೀಟರ್, ತೂಕದಲ್ಲಿ ಸುಮಾರು 2.7 ಕಿಲೋ ಕಡಿಮೆಯಾಗಿದ್ದರು. ಪೆನ್ಸಿಲ್ವೇನಿಯದಿಂದ 2014ರಲ್ಲಿ ಹೊರಬಂದ ಇನ್ನೊಂದು ಪರಿಶೀಲನೆಯಲ್ಲಿ, ಬಾಲ್ಯದಲ್ಲಿ ಔಷಧ ಪಡೆದವರ ತೂಕವು ಮೊದಲು ನಿಧಾನವಾಗಿ ಏರಿ, ಹದಿಹರೆಯದಲ್ಲಿ ಇತರರನ್ನು ದಾಟಿ ಮುಂದೆ ಹೋದದ್ದು ಕಂಡುಬಂದಿತು. ಇದರಿಂದ ಔಷಧವು ಕೆಟ್ಟದ್ದೆಂದಾಗಲಿ, ತೂಕ ಇಳಿಸುವುದಕ್ಕೆ ಒಳ್ಳೆಯದೆಂದಾಗಲಿ ಅರ್ಥಮಾಡಬಾರದು. ತೂಕಕ್ಕೋಸ್ಕರ ಮಕ್ಕಳಿಗೆ ಅದನ್ನು ಕೊಡತಕ್ಕದ್ದಲ್ಲ. ಗಮನಕ್ಕೋಸ್ಕರ ವೈದ್ಯರು ಕೊಟ್ಟರೆ, ಊಟದ ಏರ್ಪಾಡನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳತಕ್ಕದ್ದು.

ಆ ಏರ್ಪಾಡು ಕಷ್ಟವಾದದ್ದಲ್ಲ. ಬೆಳಗ್ಗೆ ಔಷಧವನ್ನು ಕೊಡುವುದಕ್ಕೆ ಮುಂಚೆಯೇ ಗಟ್ಟಿಯಾದ ಉಪಾಹಾರ: ದೋಸೆಯೊಡನೆ ಮೊಟ್ಟೆಯೋ, ಮೊಳಕೆಕಾಳಿನ ಉಸಲಿಯೋ, ರಾಗಿ ಅಂಬಲಿಯೊಡನೆ ಶೇಂಗಾ ಚಟ್ನಿಯೋ. ಮಧ್ಯಾಹ್ನದ ಬುತ್ತಿಯು ಚಿಕ್ಕದಾಗಿರಲಿ. ಮೊಸರನ್ನದ ನಾಲ್ಕು ತುತ್ತು ಹೋದರೂ ಸರಿಯೇ, ಬಲವಂತ ಬೇಡ. ಸಂಜೆ ಔಷಧದ ಬಲವು ಕುಗ್ಗಿ ಹಸಿವು ಒಮ್ಮೆಲೇ ಹಿಂದಿರುಗುವ ಹೊತ್ತಿಗೆ ಕೈಗೆಟುಕುವಂತೆ ಇರಬೇಕಾದದ್ದು ಬೇಕರಿಯ ಪೊಟ್ಟಣವಲ್ಲ, ಬಾಳೆಹಣ್ಣು, ಹುರಿಗಡಲೆ, ಬೇಯಿಸಿದ ಕಡಲೆಕಾಯಿ. ಎದುರಿಗೆ ಇಟ್ಟದ್ದನ್ನು ತಿನ್ನುವ ಮಗುವಿಗೆ ಏನನ್ನು ಎದುರಿಗಿಡಬೇಕೆಂಬುದು ನಮ್ಮ ಕೆಲಸವಲ್ಲವೆ? ಔಷಧವಿಲ್ಲದ ಮಗುವಿಗೂ ಗೊತ್ತಾದ ಹೊತ್ತಿನ ಊಟವು ಇಷ್ಟೇ ಹಿತವಾದದ್ದು.

ಸಕ್ಕರೆಯಿಂದಲೇ ಮಕ್ಕಳು ಚಂಚಲರಾಗುವರೆಂಬ ನಂಬಿಕೆಯ ಬಗ್ಗೆ ಒಂದೆರಡು ಮಾತು. 1994ರಲ್ಲಿ ಅಮೆರಿಕೆಯಲ್ಲಿ, ತಮ್ಮ ಗಂಡುಮಕ್ಕಳು ಸಕ್ಕರೆ ತಿಂದರೆ ಕೆರಳುವರೆಂದು ನಂಬಿದ್ದ ತಾಯಂದಿರಲ್ಲಿ ಕೆಲವರಿಗೆ, “ಈಗ ನಿಮ್ಮ ಮಗನಿಗೆ ಬಹಳ ಸಕ್ಕರೆ ಕೊಟ್ಟಿದ್ದೇವೆ” ಎಂದು ಹೇಳಲಾಯಿತು. ನಿಜವಾಗಿ ಕೊಟ್ಟದ್ದು ಸಕ್ಕರೆಯಿಲ್ಲದ ಸಿಹಿ ಪಾನೀಯ. ಆದರೂ ಆ ತಾಯಂದಿರು ಮಕ್ಕಳು ಹೆಚ್ಚು ಕೆರಳಿದರೆಂದೇ ಬರೆದುಕೊಟ್ಟರು. ಮಾತ್ರವಲ್ಲ, ಮಕ್ಕಳನ್ನು ಹೆಚ್ಚಾಗಿ ಟೀಕಿಸಿದರು. ಸಕ್ಕರೆಯನ್ನು ಕಡಿಮೆಮಾಡುವುದಕ್ಕೆ ಹಲ್ಲು, ತೂಕ ಮೊದಲಾದ ಸಾಕಷ್ಟು ಕಾರಣಗಳಿವೆ. ಚಂಚಲತೆಯನ್ನು ಅದರ ತಲೆಗೆ ಕಟ್ಟಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಹುಡುಗಿಯರ ಬಗ್ಗೆ. ಮದುವೆಮನೆಯ ಪಂಕ್ತಿಯಲ್ಲಿ ಹತ್ತು ಜನರ ಮುಂದೆ “ಇನ್ನೆಷ್ಟು ತಿನ್ನುವೆ, ನಿನ್ನ ಅಕ್ಕನನ್ನು ನೋಡು” ಎನ್ನಿಸಿಕೊಂಡ ಹನ್ನೆರಡು ವರ್ಷದ ಹುಡುಗಿಯು ಆ ಪಂಕ್ತಿಯಲ್ಲಿ ಕಡಿಮೆ ಉಣ್ಣುವಳು, ನಿಜ. ಮನೆಗೆ ಬಂದು ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯ ಕತ್ತಲೆಯಲ್ಲಿ ಡಬ್ಬಿಯ ಮುಚ್ಚಳವನ್ನು ಸದ್ದಿಲ್ಲದೆ ತೆಗೆಯುವುದನ್ನೂ ಅಂದೇ ಕಲಿಯುವಳು. ಗುಟ್ಟಾಗಿ, ತಡೆಯಲಾರದೆ, ಹೊಟ್ಟೆ ನೋಯುವವರೆಗೆ ತಿನ್ನುವ ತೊಂದರೆಯು ಎ. ಡಿ. ಎಚ್. ಡಿ. ಇರುವವರಲ್ಲಿ ಇತರರಿಗಿಂತ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ನಿಂದೆಯು ಅದನ್ನು ಬೆಳೆಯಿಸುವುದೇ ಹೊರತು ಅಳಿಸುವುದಿಲ್ಲ. ನಿಮ್ಮ ಮಗಳು ಓದಿನಲ್ಲಿ ಗಮನವಿಲ್ಲದವಳೂ, ಊಟದಲ್ಲಿ ಅಂಕೆಯಿಲ್ಲದವಳೂ ಆಗಿ ಕಂಡರೆ, ಎರಡು ಸಂಗತಿಗಳನ್ನೂ ಒಟ್ಟಿಗೆ ವೈದ್ಯರ ಮುಂದಿಡಿರಿ. ಒಂದನ್ನು ಹೇಳಿ ಇನ್ನೊಂದನ್ನು ನಾಚಿಕೆಯಿಂದ ಮುಚ್ಚಬೇಡಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಹೋಗುವಾಗ ಒಂದು ಪುಸ್ತಕದಲ್ಲಿ ಎರಡು ವಾರಗಳ ಲೆಕ್ಕವನ್ನು ಬರೆದುಕೊಂಡು ಹೋಗಿರಿ: ಎಷ್ಟು ಹೊತ್ತಿಗೆ ಮಲಗಿದಳು, ಎಷ್ಟು ಹೊತ್ತಿಗೆ ಎದ್ದಳು, ಯಾವ ಯಾವ ಹೊತ್ತಿಗೆ ಏನು ಉಂಡಳು, ಬುತ್ತಿಯಲ್ಲಿ ಎಷ್ಟು ಉಳಿಯಿತು. ಔಷಧವು ಆರಂಭವಾದರೆ ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಆರು ತಿಂಗಳಿಗೊಮ್ಮೆಯಾದರೂ ಅವಳ ಎತ್ತರವನ್ನೂ ತೂಕವನ್ನೂ ಗುರುತಿಸಿರಿ, ಮತ್ತು ಆ ಹಾಳೆಯನ್ನು ನೆಂಟರಿಗೆ ತೋರಿಸಬೇಡಿರಿ.